ದಿನಚರಿಯೇ ಆಟ, ಆಟವೇ ನಂಟು

ಉದ್ಯೋಗವನ್ನರಸಿ ಕನ್ನಡ ನಾಡನ್ನು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆನಿಂತ ಕುಟುಂಬಗಳಿಗೆ ಊರಿನಲ್ಲಿ ಬಿಟ್ಟುಬಂದುದು ಏನೆಂದು ಕೇಳಿದರೆ ಹೊಲ, ಮನೆ, ಅಂಗಳ, ಬಾವಿಕಟ್ಟೆಗಳು ಮೊದಲು ನೆನಪಾಗುತ್ತವೆ. ಆದರೆ ಮನೆಯಲ್ಲಿ ಕೂಸೊಂದು ಹುಟ್ಟಿದ ಬಳಿಕವೇ ಎಲ್ಲಕ್ಕಿಂತ ದೊಡ್ಡ ಕೊರತೆ ಯಾವುದೆಂಬುದು ಅರಿವಿಗೆ ಬರುತ್ತದೆ. ಆ ಕೊರತೆ ಮಡಿಲುಗಳದು. ಕೂಡುಕುಟುಂಬದ ಮನೆಯಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿ ಎರೆಯುವವಳು ಅಜ್ಜಿ, ತೊಟ್ಟಿಲು ತೂಗುವವಳು ಅತ್ತೆ, ಉಪ್ಪುಮೂಟೆ ಹೊತ್ತು ಅಂಗಳ ಸುತ್ತಿಸುವವನು ಚಿಕ್ಕಪ್ಪ, ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿ ತುತ್ತು ಉಣಿಸುವವಳು ದೊಡ್ಡಮ್ಮ. ಇಷ್ಟು ಜನರಲ್ಲಿ ಹಂಚಿಹೋಗಿದ್ದ ಕೆಲಸವೆಲ್ಲ ಮಹಾನಗರದ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ತಾಯಿಯ ಪಾಲಿಗೆ ಬರುತ್ತದೆ. ಅವಳು ಹೊರಗೆ ದುಡಿಯುವವಳಾದರಂತೂ ಬೆಳಗ್ಗೆ ಲೋಕಲ್ ಗಾಡಿಯನ್ನೋ ಬಸ್ಸನ್ನೋ ಹಿಡಿಯುವ ಆತುರ, ಸಂಜೆ ಮರಳಿದ ಮೇಲೆ ಅಡುಗೆಯ ಆತುರ. ಇವೆರಡರ ನಡುವೆ ಮಗುವಿನೊಡನೆ ಆಡುವುದಕ್ಕೆ ಹೊತ್ತೇ ಸಿಗದೆಂಬ ಕೊರಗು ಅವಳನ್ನು ಬಿಡದೆ ಕಾಡುತ್ತದೆ. ಕೊರಗನ್ನು ನೀಗಿಸುವುದಕ್ಕಾಗಿ ಬೆಲೆಬಾಳುವ ಆಟಿಕೆಗಳು ಮನೆಗೆ ಬರುತ್ತವೆ, ಭಾನುವಾರದ ತಿರುಗಾಟಗಳು ಗೊತ್ತಾಗುತ್ತವೆ; ಅವೂ ಸಾಲದಾದಾಗ ಮೊಬೈಲು ಮಗುವಿನ ಕೈಸೇರುತ್ತದೆ.

ಈ ಕೊರಗು ಸಹಜವಾದುದೇ. ಆದರೆ ಆಟಕ್ಕೆ ಬೇರೆಯೇ ಹೊತ್ತು ಬೇಕು, ಬೇರೆಯೇ ಸಾಧನಗಳು ಬೇಕು ಎಂಬ ಗ್ರಹಿಕೆ ಅದರ ಹಿಂದಿದೆ. ಅದು ಪರಿಶೀಲನೆಗೆ ನಿಲ್ಲತಕ್ಕದ್ದಲ್ಲ. ಶಿಶುಗಳ ಬೆಳವಣಿಗೆಯನ್ನು ಕುರಿತ ಶಾಸ್ತ್ರವು ಅರ್ಧ ಶತಮಾನಕ್ಕೂ ಮಿಕ್ಕ ಅವಧಿಯಲ್ಲಿ ಕಂಡುಕೊಂಡಿರುವ ಸಂಗತಿಯನ್ನು ಸಂಗ್ರಹವಾಗಿ ಹೀಗೆ ಹೇಳಬಹುದು: ಮೀಯಿಸುವ, ಉಣಿಸುವ, ಬಟ್ಟೆ ತೊಡಿಸುವ, ಮಲಗಿಸುವ ಹೊತ್ತಿನಲ್ಲಿ ಮಗು ಕರೆದಾಗ ತಾಯಿ ಓಗೊಟ್ಟರೆ ಅದೇ ಆಟ. ಆ ಓಗೊಡುವಿಕೆಯಿಂದಲೇ ನಂಟು ಬೆಳೆಯುತ್ತದೆ, ಬುದ್ಧಿ ಬೆಳೆಯುತ್ತದೆ, ಭಾಷೆಯೂ ಬೆಳೆಯುತ್ತದೆ. ಹೊರನಾಡಿನಲ್ಲಿರುವ ಕನ್ನಡಿಗರಿಗೆ ಈ ಕೊನೆಯ ಮಾತು ವಿಶೇಷ ಮಹತ್ವದ್ದು.

ಕರೆ ಮತ್ತು ಓಗೊಡುವಿಕೆ

ಹುಟ್ಟಿದ ಶಿಶುವಿನ ಮೆದುಳು ವಯಸ್ಕರ ಮೆದುಳಿನ ಸುಮಾರು ಕಾಲುಭಾಗದಷ್ಟು ತೂಗುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಸುಮಾರು ಮುಕ್ಕಾಲು ಭಾಗಕ್ಕೆ ಮುಟ್ಟುತ್ತದೆ. ಈ ಅವಧಿಯಲ್ಲಿ ನರಕೋಶಗಳ ನಡುವೆ ಅಸಂಖ್ಯ ಸಂಪರ್ಕಗಳು ಏರ್ಪಡುತ್ತವೆ. ಜನ ನಡೆದಾಡಿದ ಕಾಲುದಾರಿ ಉಳಿದು, ನಡೆದಾಡದ ದಾರಿಯಲ್ಲಿ ಹುಲ್ಲು ಬೆಳೆಯುವಂತೆ, ಬಳಕೆಯಾದ ಸಂಪರ್ಕಗಳು ಗಟ್ಟಿಗೊಳ್ಳುತ್ತವೆ, ಬಳಕೆಯಾಗದವು ಕ್ಷೀಣಿಸುತ್ತವೆ. ಎಳೆಗೂಸು ತನ್ನಷ್ಟಕ್ಕೆ ತಾನೇ ಈ ದಾರಿಗಳಲ್ಲಿ ನಡೆಯಲಾರದು. ಅದು ಕಣ್ಣರಳಿಸಿ ನೋಡುತ್ತದೆ, ಕೈಕಾಲು ಬಡಿಯುತ್ತದೆ, ಅಸ್ಪಷ್ಟವಾದ ಸ್ವರವೊಂದನ್ನು ಹೊರಡಿಸುತ್ತದೆ. ಇದು ಅದರ ಕರೆ. ತಾಯಿ ಅದೇ ಸ್ವರವನ್ನು ಮರಳಿ ನುಡಿದು ನಗುತ್ತಾಳೆ. ಮಗು ಒಂದು ಕ್ಷಣ ಕಾದು ಮತ್ತೆ ಸ್ವರ ಹೊರಡಿಸುತ್ತದೆ. ಇಬ್ಬರು ಚೆಂಡನ್ನು ಒಬ್ಬರತ್ತ ಒಬ್ಬರು ಉರುಳಿಸುವಂತೆ ನಡೆಯುವ ಈ ಕೊಡುಕೊಳ್ಳುವಿಕೆಯೇ ಎಲ್ಲ ಆಟಗಳ ಮೂಲಬೀಜ.

ಇದರ ಬಲವೆಷ್ಟೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ತೋರಿಸಿಕೊಟ್ಟಿತು. ತಾಯಿಯು ಕೆಲವು ತಿಂಗಳ ಕೂಸಿನೆದುರು ಕುಳಿತು ಎಂದಿನಂತೆ ಆಡಿಸುತ್ತಾಳೆ. ಆಮೇಲೆ, ಮೊದಲೇ ಹೇಳಿಕೊಟ್ಟಂತೆ, ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಕಲ್ಲಿನಂತೆ ಮಗುವನ್ನು ನೋಡುತ್ತಿರುತ್ತಾಳೆ. ಕೂಸು ಮೊದಲು ನಗುತ್ತದೆ. ಉತ್ತರ ಬಾರದಿರಲು ಮತ್ತೆ ಮತ್ತೆ ಯತ್ನಿಸುತ್ತದೆ. ಕೊನೆಗೆ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ತಾಯಿ ಎದುರಿನಲ್ಲಿಯೇ ಇದ್ದಳು. ಹಾಲಿಗಾಗಲಿ ಬೆಚ್ಚನೆಯ ಬಟ್ಟೆಗಾಗಲಿ ಕೊರತೆಯಿರಲಿಲ್ಲ. ಓಗೊಡುವಿಕೆಯೊಂದು ಮಾತ್ರ ಇರಲಿಲ್ಲ. ಮೊಬೈಲಿನಲ್ಲಿ ಕಣ್ಣುನೆಟ್ಟು ಮಗುವಿನ ಎದುರು ಕುಳಿತ ಹಿರಿಯರ ಮುಖವೂ ಮಗುವಿನ ಪಾಲಿಗೆ ಅಂಥದೇ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಹಾಗೆಂದು ತಾಯಿಯಾದವಳು ಕ್ಷಣಕ್ಷಣವೂ ಮಗುವಿಗೆ ಓಗೊಡುತ್ತಲೇ ಇರಬೇಕೆಂದು ಇದರ ಅರ್ಥವಲ್ಲ. ಟ್ರಾನಿಕ್ ಅವರ ಮುಂದಿನ ಅಧ್ಯಯನಗಳಲ್ಲಿಯೇ ಇನ್ನೊಂದು ಸಮಾಧಾನಕರ ಸಂಗತಿ ಹೊರಬಿತ್ತು. ಆರೋಗ್ಯವಂತ ತಾಯಿಮಕ್ಕಳ ಜೋಡಿಯಲ್ಲಿಯೂ ಇಬ್ಬರ ಭಾವ ಪರಸ್ಪರ ಹೊಂದಿಕೊಂಡಿರುವುದು ಒಟ್ಟು ಹೊತ್ತಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಉಳಿದ ಹೊತ್ತಿನಲ್ಲಿ ತಾಳ ತಪ್ಪುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ತಪ್ಪಿದ ತಾಳ ಮತ್ತೆ ಕೂಡಿಕೊಳ್ಳುವುದನ್ನು ಅನುಭವಿಸಿಯೇ ಮಗು ಭರವಸೆಯನ್ನು ಕಲಿಯುತ್ತದೆ. ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1953ರಷ್ಟು ಹಿಂದೆಯೇ ಮಗುವಿಗೆ ಪರಿಪೂರ್ಣ ತಾಯಿ ಬೇಕಿಲ್ಲ, ಸಾಕಷ್ಟು ಒಳ್ಳೆಯ ತಾಯಿ ಸಾಕು ಎಂಬ ಅರ್ಥದ ವಿಚಾರವನ್ನು ಮಂಡಿಸಿದ್ದರು. ದಣಿದು ಮನೆಗೆ ಬಂದ ತಾಯಿಗೆ ಇದಕ್ಕಿಂತ ಹಿತವಾದ ವೈದ್ಯವಚನ ಬೇರೊಂದಿರಲಾರದು.

ಬೆಲೆಬಾಳುವ ಸಾಧನಗಳು ಅಗತ್ಯವೇ ಎಂಬ ಪ್ರಶ್ನೆಗೂ ಉತ್ತರವುಂಟು. ಜಮೈಕ ದೇಶದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1986ರ ಸುಮಾರಿಗೆ ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು, ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆಯದ 129 ಮಕ್ಕಳನ್ನು ಆರಿಸಿಕೊಂಡು ಅಧ್ಯಯನ ನಡೆಸಿದರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳ ಕಾಲ ವಾರಕ್ಕೊಮ್ಮೆ ಒಂದು ಗಂಟೆ ಹೋಗಿ, ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಆಟಿಕೆಗಳಿಂದ ಮಗುವನ್ನು ಆಡಿಸುವ ಬಗೆಯನ್ನು ತಾಯಂದಿರಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ಬಳಿಕ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಹಾಗೆ ಆಡಿ ಬೆಳೆದವರ ಗಳಿಕೆ ಇತರರಿಗಿಂತ ಶೇಕಡಾ 25ರಷ್ಟು ಹೆಚ್ಚಿದ್ದುದು ಕಂಡುಬಂದಿತು. 2014ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2024ರಲ್ಲಿ ಹೊರತಂದ 'ನವಚೇತನ'ವೂ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ಮನೆಯಲ್ಲಿಯೂ ಅಂಗನವಾಡಿಯಲ್ಲಿಯೂ ನಡೆಸಬಹುದಾದ ಇಂಥ ಆಟಗಳನ್ನೇ ತಿಂಗಳಿಗೆ ಅನುಗುಣವಾಗಿ ಕೊಟ್ಟಿದೆ.

ನಂಟು ಹೇಗೆ ಬೆಳೆಯುತ್ತದೆ?

ತಾಯಿಮಕ್ಕಳ ನಂಟಿಗೆ ಕಾರಣ ಹಾಲೂಡುವಿಕೆ ಮಾತ್ರವೆಂಬ ಭಾವನೆ ಒಂದು ಕಾಲದಲ್ಲಿ ಪಂಡಿತರಲ್ಲಿಯೂ ಇತ್ತು. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಂಟು ಹಸಿವಿನಷ್ಟೇ ಮೂಲಭೂತವಾದ ಸ್ವತಂತ್ರ ಅಗತ್ಯವೆಂದು ವಾದಿಸಿದರು. ಅವರ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ 1954-55ರಲ್ಲಿ ಆಫ್ರಿಕದ ಉಗಾಂಡದ ಹಳ್ಳಿಗಳಲ್ಲಿಯೂ, ಮುಂದೆ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿಯೂ ತಾಯಿಮಕ್ಕಳನ್ನು ಅವರವರ ಮನೆಗಳಲ್ಲಿಯೇ ಕುಳಿತು ದೀರ್ಘಕಾಲ ಅವಲೋಕಿಸಿದರು. ಮಗುವಿನ ಸಂಕೇತವನ್ನು ಗುರುತಿಸಿ ತಕ್ಕಂತೆ ಸ್ಪಂದಿಸುವ ತಾಯಿಯ ಮಗು ಅವಳನ್ನು ಕೋಟೆಯಂತೆ ಮಾಡಿಕೊಂಡು, ಅಲ್ಲಿಂದ ಹೊರಟು ಲೋಕವನ್ನು ಅನ್ವೇಷಿಸಿ, ಹೆದರಿಕೆಯಾದಾಗ ಅಲ್ಲಿಗೇ ಮರಳುತ್ತದೆಂದು ಅವರು ಕಂಡರು.

ಅಳುವ ಕೂಸನ್ನು ಎತ್ತಿಕೊಂಡರೆ ಅದಕ್ಕೆ ಹಟ ಅಭ್ಯಾಸವಾಗುತ್ತದೆಂಬ ಮಾತು ಮನೆಮನೆಗಳಲ್ಲಿ ಕೇಳಿಬರುತ್ತದೆ. ಬಾಲ್ಟಿಮೋರಿನ ಅಧ್ಯಯನದಲ್ಲಿ ಕಂಡುದು ಇದಕ್ಕೆ ವಿರುದ್ಧ. ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷ ತುಂಬುವ ವೇಳೆಗೆ ಕಡಿಮೆ ಅಳುತ್ತಿದ್ದವೆಂದು 1972ರಲ್ಲಿ ವರದಿಯಾಯಿತು. ಅಳುವಿನ ಬದಲಿಗೆ ಸನ್ನೆ, ಸ್ವರಗಳಿಂದ ತಮ್ಮ ಬೇಡಿಕೆಯನ್ನು ತಿಳಿಸುವುದನ್ನು ಅವು ಕಲಿತಿದ್ದವು.

ದುಡಿಯುವ ತಾಯಿ ಮಗುವನ್ನು ಶಿಶುಪಾಲನ ಕೇಂದ್ರದಲ್ಲೋ ನೆರೆಮನೆಯಲ್ಲೋ ಬಿಟ್ಟುಹೋಗುವುದರಿಂದ ನಂಟು ಕಡಿದುಹೋಗುವುದಿಲ್ಲ. ಮಗು ಒಬ್ಬರಿಗಿಂತ ಹೆಚ್ಚು ಜನರೊಡನೆ ನಂಟು ಬೆಳೆಸಿಕೊಳ್ಳಬಲ್ಲದು. ಕೂಡುಕುಟುಂಬದ ಮಕ್ಕಳು ಬೆಳೆದುದೂ ಹಾಗೆಯೇ. ನೋಡಿಕೊಳ್ಳುವವರು ಪದೇಪದೇ ಬದಲಾಗದಿರುವುದು ಮತ್ತು ಅವರೂ ಮಗುವಿನ ಕರೆಗೆ ಓಗೊಡುವವರಾಗಿರುವುದು ಮುಖ್ಯ. ಹೊರಡುವಾಗ ಮಗು ಅತ್ತೀತೆಂದು ಕಣ್ಣುತಪ್ಪಿಸಿ ಜಾರಿಕೊಳ್ಳುವ ರೂಢಿ ಮಾತ್ರ ಒಳ್ಳೆಯದಲ್ಲ. ಅದರಿಂದ ತಾಯಿ ಯಾವ ಕ್ಷಣದಲ್ಲಾದರೂ ಮಾಯವಾಗಬಹುದೆಂಬ ಅಂಜಿಕೆ ಮಗುವಿಗೆ ಹತ್ತಿಕೊಳ್ಳುತ್ತದೆ. ಹೋಗಿ ಬರುತ್ತೇನೆಂದು ಹೇಳಿ, ಕೈಬೀಸಿ, ಪ್ರತಿದಿನವೂ ಒಂದೇ ಬಗೆಯಲ್ಲಿ ಬೀಳ್ಕೊಳ್ಳಬೇಕು. ಸಂಜೆ ಮರಳಿದ ಮೊದಲ ಹತ್ತು ನಿಮಿಷ ಚೀಲ, ಮೊಬೈಲುಗಳನ್ನು ಬದಿಗಿಟ್ಟು ಮಗುವಿಗೆ ಮೀಸಲಿಡಬೇಕು.

ಸೆರಗಿನಿಂದ ಮುಖ ಮುಚ್ಚಿಕೊಂಡು ಮತ್ತೆ ತೆರೆಯುವ ಆಟ ಇದೇ ಪಾಠದ ಮೊದಲ ಅಧ್ಯಾಯ. ಕಣ್ಣಿಗೆ ಕಾಣದ ವಸ್ತುವೂ ಇದ್ದೇ ಇರುತ್ತದೆಂಬ ತಿಳಿವಳಿಕೆ ಮಗುವಿಗೆ ಹುಟ್ಟಿನಿಂದಲೇ ಪೂರ್ತಿಯಾಗಿ ಬಂದಿರುವುದಿಲ್ಲ, ಮೊದಲ ವರ್ಷದಲ್ಲಿ ಅದು ಕ್ರಮೇಣ ಬಲಿಯುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತಮ್ಮ ಸ್ವಂತ ಮಕ್ಕಳನ್ನು ಅವಲೋಕಿಸಿ ವಿವರಿಸಿದರು. ಮರೆಯಾದ ಮುಖ ಮರಳಿ ಕಂಡಾಗ ಕೂಸು ಕೇಕೆಹಾಕಿ ನಗುವುದು ಸುಮ್ಮನೆ ಅಲ್ಲ. ಹೋದ ಅಮ್ಮ ಮರಳಿ ಬರುತ್ತಾಳೆಂಬ ಸತ್ಯವನ್ನು ಅದು ಪ್ರತಿಸಲವೂ ಹೊಸದಾಗಿ ಪರೀಕ್ಷಿಸಿ ಗೆಲ್ಲುತ್ತಿರುತ್ತದೆ.

ಬೆಳಗಿನಿಂದ ಇರುಳಿನವರೆಗೆ

ಬೇರೆ ಹೊತ್ತನ್ನು ಬೇಡದೆ, ದಿನದ ಕೆಲಸದ ನಡುವೆಯೇ ನಡೆಯಬಹುದಾದ ಕೆಲವು ಆಟಗಳನ್ನು ಇಲ್ಲಿ ಕ್ರಮವಾಗಿ ಸೂಚಿಸಿದೆ.

ಸ್ನಾನದ ಹೊತ್ತು: ಮಗುವಿಗೆ ಎಣ್ಣೆ ಸವರುವಾಗ ಕೈ, ಕಾಲು, ಮೂಗು, ಕಿವಿ, ಹೊಟ್ಟೆಗಳ ಹೆಸರನ್ನು ಹೇಳುತ್ತ ಸವರಬಹುದು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದನ್ನೂ ಮೆಲ್ಲಗೆ ಹಿಡಿದು ಹೆಸರಿಟ್ಟು ಕರೆದು, ಕೊನೆಗೆ ಅಂಗೈಯಿಂದ ಕಂಕುಳವರೆಗೆ ಬೆರಳುಗಳನ್ನು ನಡೆಸಿಕೊಂಡು ಹೋಗಿ ಕಚಗುಳಿಯಿಡುವ ಆಟ ಕನ್ನಡದ ಮನೆಗಳಲ್ಲಿ ಹಳೆಯದು. ಕಚಗುಳಿಗಿಂತ ಅದರ ನಿರೀಕ್ಷೆಯಲ್ಲಿಯೇ ಮಗುವಿಗೆ ಹೆಚ್ಚಿನ ಸೊಗಸು. ಮುಂದೆ ಏನಾಗುವುದೆಂದು ಊಹಿಸುವ ಶಕ್ತಿ ಇಂಥ ಆಟಗಳಲ್ಲಿಯೇ ಮೊಳೆಯುತ್ತದೆ. ವರ್ಷ ದಾಟಿದ ಮಗುವಿಗೆ ಒಂದು ಲೋಟ, ಒಂದು ಚಮಚ ಕೊಟ್ಟರೆ ತುಂಬುವುದು, ಬರಿದುಮಾಡುವುದು, ತೇಲುವುದು, ಮುಳುಗುವುದು ಎಲ್ಲವೂ ಆಟವೇ.

ಅಡುಗೆಯ ಹೊತ್ತು: ಆರು ತಿಂಗಳೊಳಗಿನ ಶಿಶುವನ್ನು ಎಚ್ಚರವಿರುವಾಗ ಚಾಪೆಯ ಮೇಲೆ ಬೋರಲಾಗಿ ಮಲಗಿಸಿ, ತಾಯಿ ಕಣ್ಣಿಗೆ ಕಾಣುವಂತೆ ಕುಳಿತು ತರಕಾರಿ ಹೆಚ್ಚಬಹುದು. ಇನ್ನೂ ತೆವಳದ ಕೂಸುಗಳಿಗೆ ದಿನದಲ್ಲಿ ಒಟ್ಟು 30 ನಿಮಿಷವಾದರೂ ಹೀಗೆ ಬೋರಲಾಗಿರುವ ಅವಕಾಶ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಇದರಿಂದ ಕತ್ತು, ಹೆಗಲುಗಳ ಸ್ನಾಯುಗಳು ಬಲಗೊಳ್ಳುತ್ತವೆ. ಕುಳಿತುಕೊಳ್ಳುವ ಮಗುವಿಗೆ ಸ್ಟೀಲಿನ ಬಟ್ಟಲು, ಮರದ ಸೌಟುಗಳಿಗಿಂತ ಉತ್ತಮವಾದ ವಾದ್ಯ ಬೇರಿಲ್ಲ. ಎರಡು ವರ್ಷದ ಮಗುವಿಗೆ ಚಪಾತಿ ಹಿಟ್ಟಿನ ಪುಟ್ಟ ಉಂಡೆಯೊಂದನ್ನು ಕೊಟ್ಟರೆ ಅದು ಹಾವಾಗುತ್ತದೆ, ಲಾಡುವಾಗುತ್ತದೆ, ರೈಲುಗಾಡಿಯಾಗುತ್ತದೆ. ಮೂರು ದಾಟಿದ ಮಗು ಚಳಿಗಾಲದ ಹಸಿ ಬಟಾಣಿ ಸುಲಿಯುವಾಗ ತಾಯಿಯ ಪಕ್ಕದಲ್ಲಿ ಕುಳಿತು ಒಂದು ಕಾಯಿಯಲ್ಲಿ ಎಷ್ಟು ಕಾಳೆಂದು ಎಣಿಸಬಲ್ಲದು. ಎಣಿಕೆ, ಬೆರಳುಗಳ ಹಿಡಿತ, ತಾಳ್ಮೆ ಮೂರನ್ನೂ ಒಂದೇ ಬುಟ್ಟಿ ಕಲಿಸಿಬಿಡುತ್ತದೆ.

ಊಟದ ಹೊತ್ತು: ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನೊಡನೆ ಮೆತ್ತನೆಯ ಆಹಾರ ಆರಂಭವಾಗುತ್ತದೆ. ಇಲ್ಲಿಯೂ ಕರೆ ಮತ್ತು ಓಗೊಡುವಿಕೆಯ ನಿಯಮವೇ. ಮಗು ಬಾಯಿ ತೆರೆದರೆ ತುತ್ತು. ಮುಖ ತಿರುಗಿಸಿದರೆ ವಿರಾಮ. ಬಲವಂತದಿಂದ ತುರುಕಿದ ತುತ್ತು ಹೊಟ್ಟೆಗೆ ಹೋದರೂ ಊಟದ ಮೇಲಿನ ಪ್ರೀತಿಯನ್ನು ಕೆಡಿಸುತ್ತದೆ. ಊರಿನ ಅಜ್ಜಿಯರು ಚಂದ್ರನನ್ನು ತೋರಿಸಿ ಉಣಿಸುತ್ತಿದ್ದರು. ಫ್ಲ್ಯಾಟಿನ ಕಿಟಕಿಯಿಂದ ಚಂದ್ರ ಕಾಣದಿದ್ದರೆ ಎದುರು ಕಟ್ಟಡದ ಪಾರಿವಾಳಗಳುಂಟು, ಕೆಳಗಿನ ರಸ್ತೆಯ ತರಕಾರಿ ಗಾಡಿಯುಂಟು. ತೋರಿಸುವ ವಸ್ತು ಯಾವುದಾದರೇನು, ತೋರಿಸುವ ಬೆರಳು, ಹೇಳುವ ಹೆಸರು, ಜೊತೆಯಾಗಿ ನೋಡುವ ನಾಲ್ಕು ಕಣ್ಣುಗಳು ಇದ್ದರಾಯಿತು.

ಹೊರಗೆ ಹೋಗುವ ಹೊತ್ತು: ಲಿಫ್ಟಿಗೆ ಕಾಯುವಾಗ, ಬಸ್ಸಿನ ಸಾಲಿನಲ್ಲಿ ನಿಂತಾಗ, ಮೆಟ್ಟಿಲು ಇಳಿಯುವಾಗ ಎಣಿಸುವ ಆಟ, ಬಣ್ಣ ಹುಡುಕುವ ಆಟ, ಸುಲಭವಾದ ಒಗಟು ಇವು ನಡೆಯಬಲ್ಲವು. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು ಮೂರು ಗಂಟೆಯಷ್ಟಾದರೂ ಓಡಾಡಿ, ಕುಣಿದು, ಹತ್ತಿ ಇಳಿದು ಆಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂಗಳವಿಲ್ಲದ ಮನೆಯ ಮಗುವನ್ನು ದಿನವೂ ಒಮ್ಮೆ ಉದ್ಯಾನಕ್ಕೋ ಕಟ್ಟಡದ ಆವರಣಕ್ಕೋ ಕರೆದೊಯ್ಯುವುದು ಈ ದೃಷ್ಟಿಯಿಂದ ಔಷಧಕ್ಕೆ ಸಮಾನ.

ಮಲಗುವ ಹೊತ್ತು: ಹಗಲಿನ ನಿದ್ದೆಯೂ ಸೇರಿ ಒಂದೆರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಮಹಾನಗರದಲ್ಲಿ ಹಿರಿಯರು ತಡವಾಗಿ ಮನೆಗೆ ಬರುವುದರಿಂದ ಮಕ್ಕಳ ನಿದ್ದೆಯೇ ಮೊದಲು ಮೊಟಕಾಗುತ್ತದೆ. ಪ್ರತಿರಾತ್ರಿಯೂ ಒಂದೇ ಹೊತ್ತಿಗೆ ದೀಪ ಮಂದಮಾಡಿ, ಒಂದೇ ಜೋಗುಳ, ಒಂದು ಕಥೆ ಎಂದು ಕ್ರಮವಿಟ್ಟುಕೊಂಡರೆ ನಿದ್ದೆ ತಾನಾಗಿ ಬರುತ್ತದೆ. ಒಂದೇ ಕಥೆಯನ್ನು ಮಗು ನೂರು ಸಲ ಕೇಳಬಯಸುವುದನ್ನು ಕಂಡು ಬೇಸರಿಸಬಾರದು. ಗೊತ್ತಿರುವ ಕಥೆಯಲ್ಲಿ ಮುಂದಿನ ಮಾತನ್ನು ತಾನೇ ಹೇಳುವ ಸುಖ ಅದಕ್ಕೆ ಬೇಕು.

ಆಟ ಯಾವ ಭಾಷೆಯಲ್ಲಿ?

ಹೊರನಾಡ ಕನ್ನಡಿಗರ ಮನೆಯಲ್ಲಿ ಈ ಪ್ರಶ್ನೆ ಬೇಗ ಅಥವಾ ತಡವಾಗಿ ಏಳುತ್ತದೆ. ಬೀದಿಯಲ್ಲಿ ಮರಾಠಿ, ಹಿಂದಿ, ತಮಿಳು ಅಥವಾ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಮಗುವಿಗೆ ಗೊಂದಲವಾದೀತೆಂದು ಹೆದರಿ ಅನೇಕ ತಾಯಂದಿರು ಮನೆಯಲ್ಲಿಯೂ ಶಾಲೆಯ ಭಾಷೆಯನ್ನೇ ಆಡತೊಡಗುತ್ತಾರೆ. ಈ ಹೆದರಿಕೆಗೆ ಆಧಾರವಿಲ್ಲ. ಎರಡು ಭಾಷೆಗಳಲ್ಲಿ ಬೆಳೆಯುವ ಮಗುವಿಗೆ ಒಂದೊಂದು ಭಾಷೆಯಲ್ಲಿ ಕೆಲಕಾಲ ಶಬ್ದಗಳು ಕಡಿಮೆಯಿರಬಹುದು. ಎರಡನ್ನೂ ಕೂಡಿಸಿ ನೋಡಿದರೆ ಕೊರತೆ ಇರುವುದಿಲ್ಲ. ಬೀದಿಯ ಭಾಷೆಯನ್ನು ಬೀದಿಯೂ ಶಾಲೆಯ ಭಾಷೆಯನ್ನು ಶಾಲೆಯೂ ಕಲಿಸಿಯೇ ಕಲಿಸುತ್ತವೆ. ಕನ್ನಡವನ್ನು ಕಲಿಸುವುದಕ್ಕೆ ಮಾತ್ರ ಮನೆಯ ಹೊರತು ಬೇರೆ ಯಾರೂ ಇಲ್ಲ. ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೂ ಇದೇ ಮಾತು ಅನ್ವಯಿಸುತ್ತದೆ.

ಇದಕ್ಕೆ ಕಾಲವೂ ಉಂಟು. ಹುಟ್ಟಿ ಮೂರು ದಿನವೂ ಆಗದ ಶಿಶುಗಳು ಇತರ ಹೆಂಗಸರ ಧ್ವನಿಗಿಂತ ತಾಯಿಯ ಧ್ವನಿಯನ್ನೇ ಬಯಸುತ್ತವೆಂಬುದು 1980ರಲ್ಲಿ ಪ್ರಯೋಗದಿಂದ ತಿಳಿದುಬಂದಿತು. ಗರ್ಭದಲ್ಲಿರುವಾಗಲೇ ಅವು ಆ ಧ್ವನಿಯನ್ನು ಕೇಳಿರುತ್ತವೆ. 1984ರಲ್ಲಿ ಕೆನಡದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇನ್ನೊಂದು ಸ್ವಾರಸ್ಯಕರ ಸಂಗತಿಯನ್ನು ಪ್ರಕಟಿಸಿದರು. ಹಿಂದಿಯಲ್ಲಿಯೂ ಕನ್ನಡದಲ್ಲಿಯೂ ಇರುವ 'ತ' ಮತ್ತು 'ಟ'ಗಳ ಭೇದ ಇಂಗ್ಲಿಷಿನಲ್ಲಿಲ್ಲ. ಅದನ್ನಾಡುವ ವಯಸ್ಕರಿಗೆ ಆ ಭೇದ ಕಿವಿಗೆ ಬೀಳುವುದೇ ಕಷ್ಟ. ಆದರೆ ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಈ ಭೇದವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಶಿಶುಗಳಲ್ಲಿ ಗುರುತಿಸಿದವು ಕೆಲವೇ. ಎಂದರೆ ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ ಕಿವಿ ತಾನು ಕೇಳಿದ ಭಾಷೆಗೆ ಹೊಂದಿಕೊಂಡುಬಿಡುತ್ತದೆ. ಹಿಂದಿಯಲ್ಲಿ ಳಕಾರದ ಬಳಕೆಯಿಲ್ಲ. ದೆಹಲಿಯಲ್ಲಿ ಬೆಳೆಯುವ ಮಗುವಿಗೆ 'ಬೆಲೆ' ಮತ್ತು 'ಬೆಳೆ', 'ಹಾಲು' ಮತ್ತು 'ಹಾಳು' ಬೇರೆಬೇರೆಯಾಗಿ ಕೇಳಿಸಬೇಕಾದರೆ ಅದು ತೊಟ್ಟಿಲಲ್ಲಿರುವಾಗಲೇ ತಾಯಿ ಕನ್ನಡದಲ್ಲಿ ಮುದ್ದಾಡುವುದು ಲೇಸು. ಆಮೇಲೆ ಕಲಿಯಲಾಗದೆಂದಲ್ಲ, ಎಳವೆಯಲ್ಲಿ ಆಟವಾಗಿ ಬರುವುದು ಮುಂದೆ ಪಾಠವಾಗಿ, ಪ್ರಯಾಸದಿಂದ ಬರಬೇಕಾಗುತ್ತದೆ.

ಕನ್ನಡದ ಕಾರ್ಟೂನು ಹಚ್ಚಿಟ್ಟರೆ ಸಾಲದೇ ಎಂಬ ಪ್ರಶ್ನೆಗೆ ಪ್ಯಾಟ್ರಿಷಿಯ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಉತ್ತರ ಕೊಟ್ಟರು. ಅಮೆರಿಕದ ಒಂಬತ್ತು ತಿಂಗಳ ಶಿಶುಗಳೊಡನೆ ಚೀನೀ ಭಾಷೆಯವರು ಹನ್ನೆರಡು ಸಲ ಎದುರಿನಲ್ಲಿ ಕುಳಿತು ಆಡಿದಾಗ ಆ ಶಿಶುಗಳು ಚೀನೀ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ವ್ಯಕ್ತಿಗಳು ಅದೇ ಮಾತುಗಳನ್ನು ಟೆಲಿವಿಷನ್ನಿನಲ್ಲಿ ಆಡಿದಾಗ ಏನನ್ನೂ ಕಲಿಯಲಿಲ್ಲ. ಪರದೆಯ ಮೇಲಿನ ಮುಖ ಮಗುವಿನ ಕರೆಗೆ ಓಗೊಡಲಾರದು ಎಂಬುದೇ ಇದಕ್ಕೆ ಕಾರಣವೆಂದು ಮುಂದಿನ ಅಧ್ಯಯನಗಳು ಸೂಚಿಸಿವೆ. ಎರಡರಿಂದ ಎರಡೂವರೆ ವರ್ಷದ ಮಕ್ಕಳು ವಿಡಿಯೊ ಕರೆಯಲ್ಲಿ ತಮ್ಮೊಡನೆ ಮಾತಾಡುವವರಿಂದ ಹೊಸ ಶಬ್ದಗಳನ್ನು ಕಲಿಯಬಲ್ಲರು, ಮುಂಚೆಯೇ ಮುದ್ರಿಸಿಟ್ಟ ದೃಶ್ಯದಿಂದ ಕಲಿಯಲಾರರು ಎಂಬುದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಂಡುಬಂದಿತು. ಧಾರವಾಡದಲ್ಲೋ ಉಡುಪಿಯಲ್ಲೋ ಇರುವ ಅಜ್ಜಿಗೆ ವಾರಕ್ಕೆ ಎರಡು ಮೂರು ಸಲ ಹೀಗೆ ಕರೆಮಾಡಿ, ಅವರು ಮಗುವಿನ ಹೆಸರು ಹಿಡಿದು ಮಾತಾಡಿಸಿ, ಮಗು ತೋರಿಸಿದ ಗೊಂಬೆಯನ್ನು ಕುರಿತು ಕೇಳಿದರೆ, ದೂರದ ಮಡಿಲೊಂದು ಅಷ್ಟರಮಟ್ಟಿಗೆ ಹತ್ತಿರವಾದಂತೆ.

ಉಳಿದ ಪರದೆಯ ನೋಟಕ್ಕೆ ಮಿತಿ ಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು ಎಂಬುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಊಟ ಮಾಡಿಸಲು ಮೊಬೈಲು ಹಿಡಿಯುವ ಅಭ್ಯಾಸವನ್ನು ಆರಂಭದಲ್ಲಿಯೇ ತಡೆಯುವುದು, ಬೆಳೆದ ಮೇಲೆ ಬಿಡಿಸುವುದಕ್ಕಿಂತ ಸುಲಭ.

ತಾಯಿಯ ಆರೋಗ್ಯ, ಮನೆಯವರ ಹೊಣೆ

ಓಗೊಡುವ ತಾಯಿಗೂ ಓಗೊಡುವವರು ಬೇಕು. ಹೆರಿಗೆಯ ಮೊದಲ ವಾರದಲ್ಲಿ ಅಕಾರಣವಾಗಿ ಅಳು ಬರುವುದು, ಮನಸ್ಸು ತುಯ್ದಾಡುವುದು ಸಾಮಾನ್ಯ, ತಾನಾಗಿ ಶಮನವಾಗುತ್ತದೆ. ಆದರೆ ಎರಡು ವಾರ ಮೀರಿದರೂ ಮಂಕು ಕವಿದಿದ್ದು, ಮಗುವಿನಲ್ಲಿ ಆಸಕ್ತಿ ಹುಟ್ಟದೆ, ಮಗು ಮಲಗಿದಾಗಲೂ ನಿದ್ದೆ ಬಾರದೆ, ತಾನು ನಿಷ್ಪ್ರಯೋಜಕಳೆಂಬ ಭಾವನೆ ಕಾಡುತ್ತಿದ್ದರೆ ಅದು ಕಾಯಿಲೆ. ಸೋಮಾರಿತನವೂ ಅಲ್ಲ, ಪ್ರೀತಿಯ ಕೊರತೆಯೂ ಅಲ್ಲ. ಅದಕ್ಕೆ ಚಿಕಿತ್ಸೆಯುಂಟು. ತನಗೋ ಮಗುವಿಗೋ ಹಾನಿಮಾಡುವ ಯೋಚನೆ ಬಂದರಂತೂ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು. ತವರಿನಿಂದ ದೂರವಿರುವ ಹೆಣ್ಣಿನಲ್ಲಿ ಇದನ್ನು ಮೊದಲು ಗುರುತಿಸಬೇಕಾದವನು ಗಂಡ.

ತಂದೆಯ ಪಾತ್ರ ಅಷ್ಟಕ್ಕೇ ಮುಗಿಯುವುದಿಲ್ಲ. ಮೀಯಿಸುವುದು, ಉಣಿಸುವುದು, ಕಥೆ ಹೇಳುವುದು ಇವುಗಳಲ್ಲಿ ಒಂದನ್ನಾದರೂ ಅವನು ದಿನವೂ ತನ್ನದಾಗಿ ಮಾಡಿಕೊಂಡರೆ ಮಗುವಿಗೆ ಇನ್ನೊಂದು ಮಡಿಲು ದೊರೆಯುತ್ತದೆ, ತಾಯಿಗೆ ಉಸಿರಾಡಲು ಅರ್ಧ ಗಂಟೆ ದೊರೆಯುತ್ತದೆ.

ಎಚ್ಚರಿಕೆಯ ಕೆಲವು ಮಾತುಗಳು

1. ಕೂಸನ್ನು ಮೇಲಕ್ಕೆ ಎಸೆದು ಹಿಡಿಯುವುದು, ಜೋರಾಗಿ ಅಲುಗಿಸುವುದು ಅಪಾಯಕರ; ಮೆದುಳಿಗೆ ಪೆಟ್ಟಾದೀತು. ಮುಂಗೈ ಹಿಡಿದು ಎತ್ತಿ ತೂಗಿದರೆ ಮೊಣಕೈಯ ಕೀಲು ಜಾರಬಹುದು. ಕಂಕುಳಲ್ಲಿ ಕೈಯಿಟ್ಟು ಎತ್ತಬೇಕು.

2. ಇಡಿಯ ಕಡಲೆಕಾಯಿ ಬೀಜ, ಹುಣಿಸೆಬೀಜ, ಕವಡೆ, ನಾಣ್ಯ, ಗುಂಡಿಯಾಕಾರದ ಪುಟ್ಟ ಬ್ಯಾಟರಿ ಇವು ಎಳೆಯ ಮಕ್ಕಳ ಕೈಗೆ ಸಿಗಕೂಡದು. ಬ್ಯಾಟರಿ ನುಂಗಿದ ಶಂಕೆಯಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

3. ನೀರಿನ ಬಕೆಟ್ಟಿನ ಬಳಿ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು. ಕಿಟಕಿ, ಬಾಲ್ಕನಿಗಳಿಗೆ ಸರಳು ಇರಲಿ. ಅವುಗಳ ಪಕ್ಕದಲ್ಲಿ ಹತ್ತಲು ಕುರ್ಚಿ, ಸ್ಟೂಲುಗಳು ಬೇಡ.

4. ಎಣ್ಣೆನೀರಿನ ಹೊತ್ತಿನಲ್ಲಿ ಶಿಶುವಿನ ಮೂಗು, ಕಿವಿಗಳಿಗೆ ಎಣ್ಣೆ ಬಿಡುವ ಪದ್ಧತಿಯನ್ನು ಕೈಬಿಡಬೇಕು.

5. ಮೂರು ತಿಂಗಳಾದರೂ ಮುಖ ನೋಡಿ ನಗದಿರುವುದು, ವರ್ಷವಾದರೂ ಹೆಸರು ಕರೆದಾಗ ತಿರುಗದಿರುವುದು, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿರುವುದು ಅಥವಾ ಒಂದೂ ಶಬ್ದವಾಡದಿರುವುದು, ಎರಡು ವರ್ಷವಾದರೂ ಎರಡು ಶಬ್ದ ಜೋಡಿಸದಿರುವುದು, ಬಂದ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋಗುವುದು—ಇವುಗಳಲ್ಲಿ ಒಂದು ಕಂಡರೂ ಮಕ್ಕಳ ವೈದ್ಯರಿಗೆ ತೋರಿಸಿ ಕಿವಿಯ ಪರೀಕ್ಷೆ ಮಾಡಿಸಬೇಕು. ಮನೆಯಲ್ಲಿ ಎರಡು ಭಾಷೆಯಿರುವುದರಿಂದ ಮಾತು ತಡವೆಂದು ಹೇಳಿ ಕಾಯುತ್ತ ಕೂರುವುದು ಸರಿಯಲ್ಲ. ಬೇಗ ಗುರುತಿಸಿದಷ್ಟೂ ಚಿಕಿತ್ಸೆಯ ಫಲ ಹೆಚ್ಚು.

ಸಂಘಗಳು ಮಾಡಬಹುದಾದದ್ದು

ವಾರ್ಷಿಕೋತ್ಸವದ ರಂಗದ ಮೇಲೆ ಪುಟ್ಟ ಮಕ್ಕಳು ಕನ್ನಡ ಹಾಡನ್ನು ಕಂಠಪಾಠ ಮಾಡಿ ಹಾಡುವುದನ್ನು ಕಂಡು ಸಭಿಕರು ಹಿಗ್ಗುತ್ತಾರೆ. ಅದೇ ಮಗು ರಂಗದಿಂದಿಳಿದು ಬಂದು ಬಾಯಾರಿಕೆಯಾಯಿತೆಂದು ಅಮ್ಮನಿಗೆ ಯಾವ ಭಾಷೆಯಲ್ಲಿ ಹೇಳುತ್ತದೆಂಬುದನ್ನೂ ಗಮನಿಸಬೇಕು. ಹಸಿವು, ಬಾಯಾರಿಕೆ, ಹೆದರಿಕೆ, ಮುನಿಸು ಇವುಗಳನ್ನು ಮಗು ಯಾವ ಮಾತಿನಲ್ಲಿ ಹೇಳುತ್ತದೆಯೋ ಅದೇ ಅದರ ತಾಯ್ನುಡಿ. ಅದು ಬಚ್ಚಲಲ್ಲಿ, ಅಡುಗೆಮನೆಯಲ್ಲಿ, ಹಾಸಿಗೆಯಲ್ಲಿ ರೂಪುಗೊಳ್ಳುತ್ತದೆ.

ತಿಂಗಳಿಗೊಂದು ಭಾನುವಾರ ಸಂಘದ ಸಭಾಂಗಣದಲ್ಲಿ ಚಾಪೆ ಹಾಸಿ, ಬಡಾವಣೆಯ ಹಿರಿಯ ಅಜ್ಜಿಯರನ್ನೂ ಎಳೆಯ ತಾಯಂದಿರನ್ನೂ ಮಕ್ಕಳನ್ನೂ ಒಟ್ಟುಗೂಡಿಸುವುದು ಕಷ್ಟದ ಕೆಲಸವೇನಲ್ಲ. ಅದಕ್ಕೆ ಭಾಷಣಕಾರರು ಬೇಡ, ಹಾರತುರಾಯಿಗಳು ಬೇಡ. ಒಂದು ಚೌಕಾಬಾರದ ಮನೆ, ಒಂದು ಚನ್ನೆಮಣೆ, ನಾಲ್ಕು ಕಥೆ, ಹತ್ತು ಒಗಟು ಸಾಕು. ಎಳೆಯರು ಆಡುತ್ತಿರಲು ಎಳೆಯ ತಾಯಿ ಪಕ್ಕದವಳೊಡನೆ ತನ್ನ ಮಗುವಿನ ನಿದ್ದೆಯ ತೊಂದರೆಯನ್ನು ಹೇಳಿಕೊಳ್ಳುತ್ತಾಳೆ. ಮೂರು ಮಕ್ಕಳನ್ನು ಸಾಕಿದ ಅಜ್ಜಿಯೊಬ್ಬರು ಕೂಸನ್ನು ಅವಳ ಕೈಯಿಂದ ಎತ್ತಿಕೊಳ್ಳುತ್ತಾರೆ. ಊರಿನಲ್ಲಿ ಬಿಟ್ಟುಬಂದ ಮಡಿಲುಗಳಲ್ಲಿ ಕೆಲವನ್ನಾದರೂ ಮಹಾನಗರದಲ್ಲಿ ಮರಳಿ ಪಡೆಯುವುದಕ್ಕೆ ಇದೊಂದು ದಾರಿ.